ಜಾತಕದ ಗಳಿಗೆ, ಸೂಜಿಯ ಗಳಿಗೆ

ನಮ್ಮ ಹಿತ್ತಲಿಗೂ ಪಕ್ಕದ ಮನೆ ದೊಡ್ಡವ್ವನ ಹಿತ್ತಲಿಗೂ ನಡುವೆ ಇರುವುದು ಎದೆಮಟ್ಟದ ಒಂದು ಕಳ್ಳಿಬೇಲಿ. ಕುರಿಮರಿ ನುಗ್ಗದಂತೆ ತಡೆಯುತ್ತದೆ, ಮಾತನ್ನು ತಡೆಯುವುದಿಲ್ಲ. ಹುಣಸೆಹಣ್ಣಿನ ಕಾಲ ಬಂತೆಂದರೆ ದೊಡ್ಡವ್ವ ಬೆಳಗ್ಗೆ ಏಳಕ್ಕೆಲ್ಲ ಆ ಕಡೆ ಗೋಣಿತಾಟು ಹಾಸಿಕೊಂಡು ಕೂರುತ್ತಾಳೆ. ಕಲ್ಲಿನ ಮೇಲೆ ಹಣ್ಣಿಟ್ಟು ಸುತ್ತಿಗೆಯಲ್ಲಿ ಬಡಿದು ಬೀಜ ಬಿಡಿಸುತ್ತಾಳೆ. ಈ ಕಡೆ ನಾನು ಕಾಫಿ ಲೋಟ ಹಿಡಿದು ನಿಲ್ಲುತ್ತೇನೆ. ನಮ್ಮ ಶಿರಾ ತಾಲ್ಲೂಕಿನ ಹುಲಿಕುಂಟೆಗೆ ಬಾರದ ಮಳೆ, ಕಡ್ಲೆಕಾಯಿ ರೇಟು, ಕೈಕೊಟ್ಟ ಬೋರು, ಯಾರ ಮನೆಯ ಮದುವೆ ಎಲ್ಲಿಗೆ ಬಂತು, ಎಲ್ಲವೂ ಆ ಟಕಟಕ ಸದ್ದಿನ ಜೊತೆಗೇ ಬೇಲಿ ದಾಟುತ್ತವೆ.

ಮೊನ್ನೆ ಬೆಳಗ್ಗೆ ಸುತ್ತಿಗೆಯ ಸದ್ದು ಕೇಳಲಿಲ್ಲ. ದೊಡ್ಡವ್ವ ಬೇಲಿಗೇ ಬಂದು ನಿಂತಿದ್ದಳು.

"ಮೇಷ್ಟ್ರೇ, ಮಗಳಿಗೆ ಹೆರಿಗೆ ಆಯ್ತು. ಹೆಣ್ಣು ಕೂಸು. ರಾತ್ರಿ ಮೂರು ನಲವತ್ತಕ್ಕೆ. ಅಳಿಯ ಟೈಮು ನೋಡಿ ಫೋನಲ್ಲಿ ಬರ್ಕೊಂಡವ್ನೆ, ಅಯ್ನೋರ ಹತ್ರ ನಕ್ಷತ್ರ ಕೇಳ್ಬೇಕಲ್ಲ."

"ಒಳ್ಳೇದಾಯ್ತು ದೊಡ್ಡವ್ವ. ತಾಯಿ, ಮಗು ಇಬ್ರೂ ಹುಷಾರಾಗವ್ರಾ?"

"ಹುಷಾರಾಗವ್ರೆ. ಆದ್ರೆ ನಂಗೊಂದು ಹೊಟ್ಟೆಯುರಿ. ಕೂಸು ಹುಟ್ಟಿ ಎರಡು ಗಂಟೆನೂ ಆಗಿಲ್ಲ, ಆಗ್ಲೇ ತೊಡೆಗೆ ಸೂಜಿ ಚುಚ್ಚವ್ರೆ. ಏನಂತ ಕೇಳಿದ್ರೆ ಕಾಮಾಲೆ ಸೂಜಿ ಅಂದ್ಳು ಸಿಸ್ಟರು. ನಮ್ಮನೇಲಿ ಯಾರಿಗೈತೆ ಕಾಮಾಲೆ? ಕಣ್ಣೇ ಬಿಟ್ಟಿಲ್ಲ ಆ ಕೂಸು. ಮೂರು ತಿಂಗಳು ಕಳೆದ ಮೇಲೆ ಚುಚ್ಚಿದ್ರೆ ಆಗ್ತಿರ್ಲಿಲ್ವಾ?"

ಅಜ್ಜಿಯ ಕರುಳು ಹಾಗೆ ಕೇಳುವುದು ಸರಿಯೇ. ಎರಡು ಗಂಟೆಯ ಕೂಸಿನ ತೊಡೆ ಬಹಳ ಪುಟ್ಟದು. ಅದಕ್ಕೆ ಸೂಜಿ ಹಾಕಿದ್ದನ್ನು ನೆನೆದರೆ ಯಾರಿಗಾದರೂ ಸಂಕಟವಾಗುತ್ತದೆ. ಅದಕ್ಕೇ ಆವತ್ತು ನಾನು ಲೋಟ ಕೆಳಗಿಟ್ಟು ಬೇಲಿಯ ಹತ್ತಿರ ಹೋಗಿ ನಿಂತೆ. ನಮ್ಮ ಮಾತು ಹೊತ್ತೇರುವವರೆಗೂ ನಡೆಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ತೊಡಕು ಹೆಸರಿನದು. ನಮ್ಮ ಕಡೆ ಕಣ್ಣು ಹಳದಿಯಾದರೆ ಸಾಕು, ಎಲ್ಲಕ್ಕೂ ಕಾಮಾಲೆ ಎನ್ನುತ್ತೇವೆ. ಆದರೆ ಆ ಒಂದೇ ಹೆಸರಿನ ಕೆಳಗೆ ಬೇರೆ ಬೇರೆ ಕಾಯಿಲೆಗಳಿವೆ. ಕೊಳಕು ನೀರು, ಕೊಳಕು ಊಟದಿಂದ ಬರುವುದು ಒಂದು. ಅದು ಹೆಪಟೈಟಿಸ್ ಎ ಮತ್ತು ಇ ವೈರಸ್‌ಗಳ ಕೆಲಸ. ಬಹಳ ಜನಕ್ಕೆ ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಹುಟ್ಟಿದ ಎರಡನೆಯ, ಮೂರನೆಯ ದಿನ ಕೂಸಿನ ಮೈ ಹಳದಿಯಾಗುವುದು ಇನ್ನೊಂದು. ಕೂಸಿನ ಪಿತ್ತಜನಕಾಂಗ ಇನ್ನೂ ಪಳಗಿರದ ಕಾರಣ ಹಾಗಾಗುತ್ತದೆ. ಹೆಚ್ಚಾದರೆ ಆಸ್ಪತ್ರೆಯಲ್ಲಿ ನೀಲಿ ಬೆಳಕಿನ ಕೆಳಗೆ ಮಲಗಿಸುತ್ತಾರೆ. ಈ ಎರಡಕ್ಕೂ ತೊಡೆಗೆ ಹಾಕಿದ ಸೂಜಿಗೂ ಸಂಬಂಧವಿಲ್ಲ. ಆ ಸೂಜಿ ಮೂರನೆಯ ಕಾಮಾಲೆಗೆ, ಹೆಪಟೈಟಿಸ್ ಬಿಗೆ. ಅದು ರಕ್ತದಿಂದ, ಮೈಯ ದ್ರವಗಳಿಂದ ಅಂಟುತ್ತದೆ. ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದ ಮಗುವಿಗೆ ದಾಟುತ್ತದೆ.

"ಹಂಗಾದ್ರೆ ನಾಳೆ ಕೂಸು ಹಳದಿ ಆದ್ರೆ, ಸೂಜಿ ಹಾಕಿದ್ದಕ್ಕೇ ಆಯ್ತು ಅಂತಾರಲ್ಲ ಜನ?" ಎಂದಳು ದೊಡ್ಡವ್ವ.

"ಅಂತಾರೆ. ಆವಾಗ ನೀನು ಹೇಳ್ಬೇಕು, ಆ ಹಳದಿ ಬೇರೆ, ಈ ಸೂಜಿ ತಡೆಯೋ ಕಾಯಿಲೆ ಬೇರೆ ಅಂತ. ಹಳದಿ ಜಾಸ್ತಿ ಅನ್ನಿಸಿದ್ರೆ ಡಾಕ್ಟ್ರಿಗೆ ತೋರಿಸ್ಬೇಕು. ಸೂಜಿ ಮೇಲೆ ತಪ್ಪು ಹೊರಿಸಿ ಕೂರಬಾರ್ದು."

ಆಗ ದೊಡ್ಡವ್ವ ಬೇಲಿಯ ಬುಡಕ್ಕೆ ಕೈ ತೋರಿಸಿದಳು. ನೆಲಕ್ಕಂಟಿದ ಪುಟ್ಟ ಗಿಡ, ಎಲೆಯ ಕೆಳಗೆ ಸಾಸಿವೆಯಂಥ ಕಾಯಿಸಾಲು. ನೆಲನೆಲ್ಲಿ. "ಕಾಮಾಲೆಗೆ ಇದೈತಲ್ಲ ಮೇಷ್ಟ್ರೇ. ನಮ್ಮತ್ತೆ ಅರೆದು ಮಜ್ಜಿಗೇಲಿ ಕೊಡ್ತಿದ್ರು."

ಆ ಗಿಡದ ಕತೆ ಹೇಳಿದಾಗ ಅವಳಿಗೆ ಆಶ್ಚರ್ಯವಾಯಿತು. ಹೆಪಟೈಟಿಸ್ ಬಿ ವೈರಸ್ಸನ್ನು ಕಂಡುಹಿಡಿದವರು ಅಮೆರಿಕದ ಬರೂಕ್ ಬ್ಲಂಬರ್ಗ್. ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ರಕ್ತದಲ್ಲಿ ಸಿಕ್ಕಿದ ಒಂದು ಪ್ರೋಟೀನಿನ ಬೆನ್ನು ಹತ್ತಿ ಹೋದವರು, ಅದು ಕಾಮಾಲೆಯ ವೈರಸ್ಸಿನ ಮೇಲ್ಪೊರೆ ಎಂದು ತಿಳಿದುಕೊಂಡರು. 1976ರಲ್ಲಿ ಅವರಿಗೆ ನೊಬೆಲ್ ಬಂತು. ಅವರು 1986ರಲ್ಲಿ ಬೆಂಗಳೂರಿಗೂ ಬಂದು ಭಾರತೀಯ ವಿಜ್ಞಾನ ಅಕಾಡೆಮಿಯ ರಾಮನ್ ಅತಿಥಿ ಪ್ರಾಧ್ಯಾಪಕರಾಗಿದ್ದರು. ಮದ್ರಾಸಿನ ವಿಜ್ಞಾನಿಗಳ ಜೊತೆ ಸೇರಿ ಇದೇ ನೆಲನೆಲ್ಲಿ ಹೆಪಟೈಟಿಸ್ ಬಿಯನ್ನು ಓಡಿಸುತ್ತದೆಯೇ ಎಂದು ಪರೀಕ್ಷೆ ಮಾಡಿದರು. 1988ರಲ್ಲಿ ಬಂದ ಮೊದಲ ಫಲಿತಾಂಶ ಆಸೆ ಹುಟ್ಟಿಸಿತು. ಆಮೇಲೆ ಬೇರೆ ಕಡೆ ನಡೆದ ಪರೀಕ್ಷೆಗಳು ಅದನ್ನು ಎತ್ತಿ ಹಿಡಿಯಲಿಲ್ಲ. ನಮ್ಮ ಬೇಲಿಯ ಗಿಡವನ್ನು ಯಾರೂ ಕಡೆಗಣಿಸಲಿಲ್ಲ. ನೊಬೆಲ್ ಪಡೆದವರೇ ಗೌರವದಿಂದ ಕೈಗೆತ್ತಿಕೊಂಡು ನೋಡಿದರು. ಈ ವೈರಸ್ಸಿನ ಮುಂದೆ ಅದರ ಕೈ ಸಾಗಲಿಲ್ಲ, ಅಷ್ಟೆ. ನೀರಿನ ಕಾಮಾಲೆ ತಾನಾಗಿ ಇಳಿದಾಗ ಸೊಪ್ಪಿಗೆ ಹೆಸರು ಬರುತ್ತದೆ. ಆ ಹೆಸರನ್ನು ನಂಬಿ ರಕ್ತದ ಕಾಮಾಲೆಯವರು ಆಸ್ಪತ್ರೆಗೆ ಹೋಗದೆ ಉಳಿದರೆ ಅಪಾಯ.

"ಅದು ಸರಿ. ಆದ್ರೆ ಇಷ್ಟು ಆತುರ ಯಾಕೆ?" ದೊಡ್ಡವ್ವ ತನ್ನ ಪ್ರಶ್ನೆ ಬಿಡಲಿಲ್ಲ.

ಇಡೀ ವಿಷಯದ ಜೀವ ಇರುವುದು ಈ ಪ್ರಶ್ನೆಯಲ್ಲೇ. ನಮ್ಮಂಥ ದೊಡ್ಡವರಿಗೆ ಹೆಪಟೈಟಿಸ್ ಬಿ ತಗುಲಿದರೆ ಮೈ ಅದನ್ನು ಶತ್ರು ಎಂದು ಗುರುತಿಸಿ ಹೊಡೆದಾಡುತ್ತದೆ. ನೂರು ಜನರಲ್ಲಿ ತೊಂಬತ್ತೈದಕ್ಕೂ ಹೆಚ್ಚು ಜನ ವೈರಸ್ಸನ್ನು ಹೊರಹಾಕುತ್ತಾರೆ. ಹುಟ್ಟುವಾಗ ಅಂಟಿದರೆ ಲೆಕ್ಕ ತಿರುಗಿಬಿಡುತ್ತದೆ: ನೂರರಲ್ಲಿ ಸುಮಾರು 90 ಕೂಸುಗಳಲ್ಲಿ ಅದು ಜೀವನಪರ್ಯಂತ ನೆಲೆಸುತ್ತದೆ. ಎಳೆಯ ಮೈಗೆ ತನ್ನವರು ಯಾರು, ಹೊರಗಿನವರು ಯಾರು ಎಂಬ ಗುರುತು ಇನ್ನೂ ಗಟ್ಟಿಯಾಗಿರುವುದಿಲ್ಲ. ಬಂದ ಕಳ್ಳನನ್ನು ಮನೆಯವನೆಂದೇ ಇಟ್ಟುಕೊಳ್ಳುತ್ತದೆ. ಕೂಸಿಗೆ ಜ್ವರ ಇಲ್ಲ, ಕಣ್ಣು ಹಳದಿ ಇಲ್ಲ. ಶಾಲೆಗೆ ಹೋಗುತ್ತದೆ, ಓಡುತ್ತದೆ, ಮದುವೆಯಾಗುತ್ತದೆ. ಮೂವತ್ತು ನಲವತ್ತು ವರ್ಷ ಕಳೆದ ಮೇಲೆ ಒಂದು ದಿನ ಹೊಟ್ಟೆಯಲ್ಲಿ ನೀರು ತುಂಬುತ್ತದೆ.

ನನ್ನ ಜೊತೆ ಓದಿದ ಗೆಳೆಯನೊಬ್ಬ ಹಾಗೆ ಹೋದ. ಆಗ ಅವನಿಗೆ ನಲವತ್ತೆರಡು. ಹೊಲಕ್ಕೆ ಹೋಗಿ ದುಡಿಯುತ್ತಿದ್ದ ಗಟ್ಟಿ ಆಳು, ಬೀಡಿ ಕೂಡ ಮುಟ್ಟಿದವನಲ್ಲ. ಕೊನೆಯ ಮೂರು ತಿಂಗಳು ಕೈಕಾಲು ಕಡ್ಡಿಯಂತಾಗಿ ಹೊಟ್ಟೆ ಮಾತ್ರ ಬಿಗಿದು ನಿಂತಿತ್ತು. ಊರ ಜನ "ಕದ್ದು ಕುಡಿದಿರಬೇಕು" ಎಂದು ಮಾತಾಡಿಕೊಂಡರು. ಆ ಮಾತು ಅವನ ಕಿವಿಗೂ ಬಿತ್ತು. ಬೆಂಗಳೂರಿನಲ್ಲಿ ಪರೀಕ್ಷೆ ಮಾಡಿದಾಗ ಗೊತ್ತಾದದ್ದು, ಹೆಪಟೈಟಿಸ್ ಬಿ ಅವನ ಮೈಯಲ್ಲಿ ಯಾವತ್ತಿನಿಂದಲೋ ಇತ್ತು, ಪಿತ್ತಜನಕಾಂಗ ಗಂಟುಗಟ್ಟಿ ಕ್ಯಾನ್ಸರ್ ಆಗಿತ್ತು. ಅವನು ಹುಟ್ಟಿದ ಕಾಲಕ್ಕೆ ಈ ಲಸಿಕೆ ಲೋಕದಲ್ಲೇ ಇರಲಿಲ್ಲ. ದೊಡ್ಡವ್ವನ ಮೊಮ್ಮಗಳು ಹುಟ್ಟಿದ ಕಾಲಕ್ಕೆ ಇದೆ. ಎರಡು ಗಂಟೆಯ ಕೂಸಿಗೆ ಸಿಕ್ಕಿದ್ದು ಅವನಿಗೆ ಸಿಗದೇ ಹೋದದ್ದೇ.

ಹೆರಿಗೆಯ ಹೊತ್ತಿನಲ್ಲಿ ತಾಯಿಯ ರಕ್ತದಿಂದ ವೈರಸ್ ಬಂದಿದ್ದರೆ, ಅದು ಕೂಸಿನ ಪಿತ್ತಜನಕಾಂಗದಲ್ಲಿ ಬೇರು ಬಿಡುವ ಮೊದಲೇ ಮೈಗೆ ಅದರ ಗುರುತು ಹೇಳಿಕೊಡಬೇಕು. ಲಸಿಕೆ ಮಾಡುವುದು ಅದನ್ನೇ. ಅದಕ್ಕೇ 24 ಗಂಟೆಯ ಗಡುವು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಅದೇ, ನಮ್ಮ ದೇಶದ ಲಸಿಕೆ ಪಟ್ಟಿ ಹೇಳುವುದೂ ಅದೇ. ಆಮೇಲೆ ಆರು, ಹತ್ತು, ಹದಿನಾಲ್ಕನೇ ವಾರ ಕೊಡುವ ಪೆಂಟಾವೇಲೆಂಟ್ ಲಸಿಕೆಯಲ್ಲಿ ಹೆಪಟೈಟಿಸ್ ಬಿ ಮತ್ತೆ ಸೇರಿರುತ್ತದೆ. ಆ ಮೂರು ಡೋಸು ರಕ್ಷಣೆಯನ್ನು ಗಟ್ಟಿ ಮಾಡುತ್ತವೆ. ಆದರೆ ಮೊದಲ ದಿನ ಒಳಗೆ ಬಂದು ಕೂತವನನ್ನು ಆರನೇ ವಾರದ ಸೂಜಿ ಎಬ್ಬಿಸಿ ಕಳಿಸಲಾರದು. ದೊಡ್ಡವ್ವ ಹೇಳಿದ ಮೂರು ತಿಂಗಳಂತೂ ಬಹಳ ತಡ.

"ನನ್ನ ಮಗಳಿಗೆ ಬಸುರಿಯಲ್ಲೇ ರಕ್ತ ಪರೀಕ್ಷೆ ಮಾಡವ್ರೆ. ಏನೂ ಇಲ್ಲ ಅಂದವ್ರೆ," ಎಂದಳು.

ಒಳ್ಳೆಯದಾಯಿತು. ಆ ಪರೀಕ್ಷೆ ಪ್ರತಿ ಬಸುರಿಗೂ ಆಗಲೇಬೇಕು. ವೈರಸ್ ಇದೆ ಎಂದು ಗೊತ್ತಾದರೆ ಕೂಸಿಗೆ ಲಸಿಕೆಯ ಜೊತೆ ಇಮ್ಯುನೊಗ್ಲಾಬ್ಯುಲಿನ್ ಎಂಬ ಇನ್ನೊಂದು ಚುಚ್ಚುಮದ್ದು ಕೊಡುತ್ತಾರೆ. ತಾಯಿಯ ರಕ್ತದಲ್ಲಿ ವೈರಸ್ ಬಹಳವಿದ್ದರೆ ಬಸುರಿನ ಕೊನೆಯ ತಿಂಗಳುಗಳಲ್ಲಿ ಟೆನೊಫೊವಿರ್ ಮಾತ್ರೆ ಕೊಡುತ್ತಾರೆ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಈ ಪರೀಕ್ಷೆ, ಔಷಧಿ ಎರಡೂ ಉಚಿತ. ಆ ದಿನಾಂಕ ಬ್ಲಂಬರ್ಗ್ ಹುಟ್ಟಿದ ದಿನ. ವಿಶ್ವ ಹೆಪಟೈಟಿಸ್ ದಿನವೂ ಅಂದೇ.

ಆದರೆ ಪರೀಕ್ಷೆಯೊಂದನ್ನೇ ನೆಚ್ಚಿ ಕೂರುವ ಹಾಗಿಲ್ಲ. ಕೆಲವರಿಗೆ ಪರೀಕ್ಷೆಯೇ ಆಗಿರುವುದಿಲ್ಲ. ಆಗಿದ್ದರೂ ಚೀಟಿ ಊರಲ್ಲಿ, ಹೆರಿಗೆ ಇನ್ನೊಂದೂರಲ್ಲಿ. ಪರೀಕ್ಷೆಯ ನಂತರ ಸೋಂಕು ತಗುಲಿದರೆ ಯಾರಿಗೂ ಗೊತ್ತಾಗುವುದಿಲ್ಲ. ತಾಯಿಗೆ ಇಲ್ಲದಿದ್ದರೂ ಮನೆಯಲ್ಲಿ ಬೇರೆಯವರಿಗೆ ಇರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ 2022ರಲ್ಲಿ ನಮ್ಮ ದೇಶದಲ್ಲಿ 2.98 ಕೋಟಿ ಜನ ಹೆಪಟೈಟಿಸ್ ಬಿ ಜೊತೆ ಬದುಕುತ್ತಿದ್ದರು. ಅವರಲ್ಲಿ ಹೆಚ್ಚಿನವರಿಗೆ ಅದು ತಮ್ಮಲ್ಲಿದೆ ಎಂಬುದೇ ತಿಳಿಯದು. ಒಣಗಿದ ರಕ್ತದಲ್ಲೂ ಈ ವೈರಸ್ ಕನಿಷ್ಠ ಏಳು ದಿನ ಬದುಕುತ್ತದೆ.

ನಮ್ಮ ಮನೆಗಳಲ್ಲಿ ಕೂಸಿನ ಮೈಗೆ ಲೋಹ ತಾಕುವ ಸಂದರ್ಭಗಳನ್ನು ಲೆಕ್ಕ ಹಾಕಿ ನೋಡಿ. ಕಿವಿ ಚುಚ್ಚಿಸುತ್ತೇವೆ. ದೇವರ ಮುಂದೆ ಮುಡಿ ಕೊಡಿಸುತ್ತೇವೆ, ಒಂದೇ ಕತ್ತಿಯಲ್ಲಿ ಸಾಲಾಗಿ ಹತ್ತು ತಲೆ. ಜಾತ್ರೆಯಲ್ಲಿ ಹಚ್ಚೆ ಹಾಕಿಸುವವರ ಸೂಜಿ ಎಷ್ಟು ಕೈ ದಾಟಿ ಬಂದಿರುತ್ತದೋ. ಈ ಶಾಸ್ತ್ರಗಳನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ಪ್ರತಿ ತಲೆಗೂ ಹೊಸ ಬ್ಲೇಡು, ಪ್ರತಿ ಕಿವಿಗೂ ಹೊಸ ಸೂಜಿ ಇರಲಿ ಎನ್ನುತ್ತೇನೆ. ಮೊದಲ ದಿನದ ಲಸಿಕೆಯಿಂದ ಶುರುವಾದ ರಕ್ಷಣೆ ಈ ದಿನಗಳಿಗೂ ಕೂಸಿನ ಜೊತೆ ಬರುತ್ತದೆ.

"ಕಾಯಿಲೆಯನ್ನೇ ಒಳಗೆ ಹಾಕ್ತಾರಂತಲ್ಲ ಸೂಜೀಲಿ?" ಎಂಬ ಅನುಮಾನವೂ ಬಂತು.

ಇಲ್ಲ. ಈ ಲಸಿಕೆಯಲ್ಲಿ ವೈರಸ್ ಇರುವುದಿಲ್ಲ, ಸತ್ತದ್ದೂ ಇಲ್ಲ, ಜೀವಂತದ್ದೂ ಇಲ್ಲ. ಬ್ಲಂಬರ್ಗ್ ಕಂಡ ಆ ಮೇಲ್ಪೊರೆಯ ಪ್ರೋಟೀನನ್ನು ಯೀಸ್ಟಿನಲ್ಲಿ ಬೆಳೆಸಿ ತೆಗೆದಿರುತ್ತಾರೆ. ಕಳ್ಳನ ಅಂಗಿಯನ್ನು ಮಾತ್ರ ಕಾವಲುಗಾರನಿಗೆ ತೋರಿಸಿದ ಹಾಗೆ. ಮೊದಲು ಇದು ಹೊರದೇಶದಿಂದ ಬರುತ್ತಿತ್ತು. ಬೆಲೆ ಕೇಳಿದರೆ ಬಡವರು ವಾಪಸು ಹೋಗಬೇಕಿತ್ತು. 1997ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ನಮ್ಮಲ್ಲೇ ತಯಾರಿಸಿದ ಮೇಲೆ ಬೆಲೆ ಇಳಿಯಿತು. ಸರ್ಕಾರ 2002ರ ಸುಮಾರಿಗೆ ಕೆಲವು ನಗರ, ಜಿಲ್ಲೆಗಳಲ್ಲಿ ಮಕ್ಕಳಿಗೆ ಕೊಟ್ಟು ನೋಡಿತು. 2007–08ರಲ್ಲಿ ಹತ್ತು ರಾಜ್ಯಗಳಿಗೆ ವಿಸ್ತರಿಸಿದಾಗ ಕರ್ನಾಟಕವೂ ಅದರಲ್ಲಿತ್ತು. 2011ರ ಹೊತ್ತಿಗೆ ಇಡೀ ದೇಶಕ್ಕೆ ಬಂತು. ಇವತ್ತು ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ಎಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯಾದರೂ ಒಂದು ರೂಪಾಯಿ ಕೊಡಬೇಕಿಲ್ಲ.

ಆ ಲಸಿಕೆ ನಮ್ಮ ಬಿಸಿಲು ಸೀಮೆಗೆ ಬರುವುದನ್ನು ಹತ್ತಿರದಿಂದ ನೋಡಬೇಕು. ಸಿಸ್ಟರ್ ಭುಜಕ್ಕೆ ನೇತು ಹಾಕಿಕೊಂಡು ಬರುವ ನೀಲಿ ಡಬ್ಬಿಯೊಳಗೆ ನಾಲ್ಕು ಐಸ್‌ಪ್ಯಾಕು, ನಡುವೆ ಪುಟ್ಟ ಬಾಟಲಿಗಳು. ಎರಡರಿಂದ ಎಂಟು ಡಿಗ್ರಿ ತಂಪಿನಲ್ಲೇ ಇರಬೇಕು. ಬಿಸಿಲು ತಾಗಿದರೆ ಹಾಳು. ಹೆಪಟೈಟಿಸ್ ಬಿ ಲಸಿಕೆ ಹೆಪ್ಪುಗಟ್ಟಿದರೂ ಹಾಳು. ಅದಕ್ಕೇ ಫ್ರೀಜರಿನಿಂದ ತೆಗೆದ ಐಸ್‌ಪ್ಯಾಕನ್ನು ಕೂಡಲೇ ಡಬ್ಬಿಗೆ ಹಾಕದೆ, ಅಲ್ಲಾಡಿಸಿದರೆ ಒಳಗೆ ನೀರಿನ ಸದ್ದು ಬರುವವರೆಗೆ ಹೊರಗಿಟ್ಟಿರುತ್ತಾರೆ. ಬಾಟಲಿಯ ಮೇಲೆ ಒಂದು ಸುತ್ತು, ಅದರೊಳಗೆ ಒಂದು ಚೌಕ. ಚೌಕದ ಬಣ್ಣ ಸುತ್ತಿನ ಬಣ್ಣಕ್ಕಿಂತ ತಿಳಿಯಾಗಿದ್ದರೆ ಲಸಿಕೆ ಸರಿ ಇದೆ. ಕಪ್ಪಾಗಿ ಸುತ್ತಿನ ಬಣ್ಣಕ್ಕೇ ಬಂದರೆ ಎಸೆಯಬೇಕು. ಅರ್ಧ ಎಂ.ಎಲ್. ಔಷಧಿ, ಒಮ್ಮೆ ಬಳಸಿದರೆ ಲಾಕ್ ಆಗುವ ಸಿರಿಂಜು. ಕೂಸು ಒಂದು ಸಲ ಚೀರುತ್ತದೆ, ತಾಯಿಯ ಎದೆಗೆ ಹಾಕಿದರೆ ಸುಮ್ಮನಾಗುತ್ತದೆ. ಚುಚ್ಚಿದ ಜಾಗ ಸ್ವಲ್ಪ ಕೆಂಪಾಗಬಹುದು. ಇಷ್ಟೇ ಆ ಸೂಜಿಯ ಕತೆ.

ಹಾಗಿದ್ದರೂ ಈ ಸೂಜಿ ತಪ್ಪಿಹೋಗುವುದುಂಟು. ನನ್ನ ತಂಗಿಯ ಮೊಮ್ಮಗ ಹುಟ್ಟಿದ್ದು ಶನಿವಾರ ರಾತ್ರಿ, ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ. ಭಾನುವಾರ ರಜೆ, ಸೋಮವಾರ ನೋಡೋಣ ಎಂದರು. ಸೋಮವಾರ ಡಿಸ್ಚಾರ್ಜಿನ ಗಡಿಬಿಡಿ. ಮನೆಗೆ ಬಂದ ಮೇಲೆ ಆಶಾ ಕಾರ್ಯಕರ್ತೆ ತಾಯಿ ಕಾರ್ಡ್ ಬಿಚ್ಚಿ ನೋಡಿದರೆ ಹೆಪಟೈಟಿಸ್ ಬಿ ಸಾಲು ಖಾಲಿ. 24 ಗಂಟೆ ಕಳೆದುಹೋಗಿತ್ತು. ಆರನೇ ವಾರದ ಪೆಂಟಾವೇಲೆಂಟಿಗೇ ಕಾಯಬೇಕಾಯಿತು. ತಾಯಿಯ ರಕ್ತದಲ್ಲಿ ಏನೂ ಇರಲಿಲ್ಲವೆಂದು ನಾವು ನಿಟ್ಟುಸಿರು ಬಿಟ್ಟೆವು. ಇದ್ದಿದ್ದರೆ? ಮನೆತುಂಬ ಓದಿದವರಿದ್ದೆವು. ಕೇಳಬೇಕಾದ ಒಂದು ಮಾತನ್ನು ಒಬ್ಬರೂ ಕೇಳಲಿಲ್ಲ.

ಬಾಟಲಿಯೊಂದರಲ್ಲಿ ಹತ್ತು ಡೋಸು ಇದ್ದರೆ, ಒಂದೇ ಕೂಸಿಗಾಗಿ ತೆರೆದರೆ ಉಳಿದದ್ದು ಹಾಳಾಗುತ್ತದಲ್ಲ ಎಂದು ಹಿಂಜರಿಯುವುದೂ ಉಂಟು. ತೆರೆದ ಬಾಟಲಿಯನ್ನು ತಂಪಿನಲ್ಲಿ ಸರಿಯಾಗಿ ಇಟ್ಟರೆ ನಾಲ್ಕು ವಾರದವರೆಗೆ ಬಳಸಬಹುದು ಎಂಬ ನಿಯಮವಿದೆ. ಉಳಿದದ್ದು ಹಾಳಾಗಿಯೇ ಹೋಗಲಿ, ಒಂದು ಕೂಸಿನ ಪಿತ್ತಜನಕಾಂಗಕ್ಕಿಂತ ಆ ಬಾಟಲಿ ದೊಡ್ಡದಲ್ಲ.

ಸೂಜಿ ತಪ್ಪುವುದಕ್ಕೆ ದೂರವೂ ಒಂದು ಕಾರಣ; ಕಣ್ಣಿಗೆ ದೂರವಾದದ್ದೆಲ್ಲ ತಪ್ಪಿಹೋಗುತ್ತದೆ. 2023ರ ಜುಲೈನಲ್ಲಿ ನಮ್ಮದೇ ಜಿಲ್ಲೆಯ, ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ, ಸೂತಕವೆಂದು ತಾಯಿಯ ಜೊತೆ ಊರಾಚೆಯ ಗುಡಿಸಲಲ್ಲಿ ಇಟ್ಟಿದ್ದ ಹಸುಗೂಸು ಮಳೆ ಚಳಿಯಲ್ಲಿ ತೀರಿಹೋಯಿತು. ಅದು ಲಸಿಕೆಯ ಪ್ರಶ್ನೆಯಾಗಿರಲಿಲ್ಲ, ಬೆಚ್ಚಗಿಡುವ ಪ್ರಶ್ನೆ. ಆದರೆ ಬಾಣಂತಿಯನ್ನೂ ಕೂಸನ್ನೂ ಊರಾಚೆ ಇಟ್ಟರೆ ಸಿಸ್ಟರ್ ಕಣ್ಣು, ಆಶಾ ಕಣ್ಣು, ಅಜ್ಜಿಯ ಕೈ ಎಲ್ಲವೂ ದೂರವಾಗುತ್ತವೆ. ನಮ್ಮ ತಾಲ್ಲೂಕಿನ ಕಗ್ಗಲಡಿಗೆ ಪ್ರತಿ ವರ್ಷ ಕೊಕ್ಕರೆಗಳು ಮರಿ ಮಾಡಲು ಬರುತ್ತವೆ. ಊರ ನಡುವಿನ ಹುಣಸೆಮರಗಳಲ್ಲೇ ಗೂಡು ಕಟ್ಟುತ್ತವೆ, ಊರವರು ಕಾಯುತ್ತಾರೆ. ಹಕ್ಕಿಯ ಬಾಣಂತನವನ್ನು ಊರೊಳಗೇ ಮಾಡುವ ಸೀಮೆ ನಮ್ಮದು. ನಮ್ಮ ಹೆಣ್ಣುಮಕ್ಕಳ ಬಾಣಂತನವೂ ಹಾಗೇ ನಡೆಯಬೇಕು.

ದೊಡ್ಡವ್ವನ ಅಕ್ಕನ ಮೊಮ್ಮಗ ಅಮೆರಿಕದಲ್ಲಿದ್ದಾನೆ. "ಅಲ್ಲಿ ಈ ಸೂಜಿ ಬೇಡ ಅಂದವ್ರಂತೆ, ಫೋನಲ್ಲಿ ಹೇಳ್ತಿದ್ದ," ಎಂದಳು. ಅಲ್ಲಿನ ಸಲಹಾ ಸಮಿತಿಯೊಂದು 2025ರ ಡಿಸೆಂಬರಿನಲ್ಲಿ, ಪರೀಕ್ಷೆಯಲ್ಲಿ ಸೋಂಕು ಕಾಣದ ತಾಯಂದಿರ ಮಕ್ಕಳಿಗೆ ಹುಟ್ಟಿದ ದಿನವೇ ಕೊಡಬೇಕೇ ಎಂಬುದನ್ನು ತಂದೆತಾಯಿ, ವೈದ್ಯರು ಕೂತು ತೀರ್ಮಾನಿಸಲಿ ಎಂದದ್ದು ನಿಜ. ಅಲ್ಲಿನ ಮಕ್ಕಳ ವೈದ್ಯರ ಅಕಾಡೆಮಿ ಅದನ್ನು ಒಪ್ಪದೆ, ಎಲ್ಲ ಕೂಸಿಗೂ ಮೊದಲ ದಿನವೇ ಕೊಡಿ ಎಂದೇ ಹೇಳಿತು. ನಾವು ನೋಡಬೇಕಾದ ಊರು ತೈವಾನ್. ಅಲ್ಲಂತೂ ಮನೆಮನೆಯಲ್ಲಿ ಹೆಪಟೈಟಿಸ್ ಬಿ ಇತ್ತು. 1984ರಿಂದ ಹುಟ್ಟಿದ ಕೂಸುಗಳಿಗೆ ಲಸಿಕೆ ಕೊಡಲು ಶುರು ಮಾಡಿದರು. ಆರರಿಂದ ಹದಿನಾಲ್ಕು ವರ್ಷದ ಮಕ್ಕಳಲ್ಲಿ ಪಿತ್ತಜನಕಾಂಗದ ಕ್ಯಾನ್ಸರ್ ಮೊದಲು ಲಕ್ಷಕ್ಕೆ 0.70 ಇದ್ದದ್ದು 1990ರಿಂದ 1994ರ ನಡುವೆ 0.36ಕ್ಕೆ ಇಳಿಯಿತು. ಒಂದು ಸೂಜಿಯಿಂದ ಕ್ಯಾನ್ಸರ್ ತಡೆದದ್ದನ್ನು ಲೋಕ ಮೊದಲು ಕಂಡದ್ದು ಅಲ್ಲಿ.

ಹೊತ್ತು ಏರಿತ್ತು. ಕೊನೆಗೆ ದೊಡ್ಡವ್ವ ದನಿ ತಗ್ಗಿಸಿ ಕೇಳಿದಳು: "ಅಕಸ್ಮಾತ್ ತಾಯಿಗೆ ಆ ಕಾಮಾಲೆ ಇದ್ರೆ, ಹಾಲು ಬಿಡಿಸ್ಬೇಕಾ?"

ಬಿಡಿಸಬಾರದು. ಎದೆಹಾಲಿನಿಂದ ಇದು ಅಂಟುವುದಿಲ್ಲ. ಸೂಜಿ ಹಾಕಿಸಿ ಹಾಲು ಕುಡಿಸಬಹುದು. ತಟ್ಟೆ ಲೋಟ ಬೇರೆ ಇಡಬೇಕಿಲ್ಲ. ಆ ತಾಯಿಯನ್ನು ಮೂಲೆಗೆ ಕೂರಿಸಬೇಕಿಲ್ಲ. ಈ ಮಾತು ಹೇಳುವಾಗ ನನಗೆ ಆ ಗೆಳೆಯನ ನೆನಪಾಯಿತು. ಕಾಯಿಲೆಗಿಂತ ಮೊದಲು ಅವನನ್ನು ತಿಂದದ್ದು ಊರ ಮಾತು.

ದೊಡ್ಡವ್ವ ಸೆರಗಿನಿಂದ ಮುಖ ಒರೆಸಿಕೊಂಡು, "ಹಂಗಾದ್ರೆ ಆ ಸಿಸ್ಟರ್‌ಗೆ ಒಂದು ತೆಂಗಿನಕಾಯಿ ಕೊಟ್ಟು ಬರ್ತೀನಿ," ಎಂದಳು. ಮಧ್ಯಾಹ್ನದ ಬಸ್ಸಿಗೆ ಶಿರಾಕ್ಕೆ ಹೋಗಿ ಸಂಜೆ ಬಂದವಳು ಬೇಲಿಯ ಮೇಲಿಂದ ತಾಯಿ ಕಾರ್ಡ್ ಚಾಚಿದಳು. ಓದಿ ಹೇಳಿದೆ: ಬಿಸಿಜಿ ಆಗಿದೆ, ಪೋಲಿಯೋ ಹನಿ ಆಗಿದೆ, ಹೆಪಟೈಟಿಸ್ ಬಿ ಆಗಿದೆ, ತಾರೀಖು ಇದೆ.

ಓದುವವರಲ್ಲಿ ನನ್ನದೊಂದು ಕೇಳಿಕೆ. ನಿಮ್ಮ ಮನೆಯಲ್ಲಿ ಕೂಸು ಹುಟ್ಟಿದಾಗ ಜಾತಕಕ್ಕೆಂದು ಗಂಟೆ, ನಿಮಿಷ ಬರೆದುಕೊಳ್ಳುತ್ತೀರಲ್ಲ, ಅದೇ ಚೀಟಿಯಲ್ಲಿ ಅದರ ಕೆಳಗೇ ಇನ್ನೊಂದು ಸಾಲು ಬರೆಯಿರಿ: ಹೆಪಟೈಟಿಸ್ ಬಿ ಸೂಜಿ ಎಷ್ಟು ಗಂಟೆಗೆ. ಆ ಸಾಲು ತುಂಬದೆ ಆಸ್ಪತ್ರೆಯ ಬಾಗಿಲು ದಾಟಬೇಡಿ. ರಾತ್ರಿಯಾಗಿರಲಿ, ಭಾನುವಾರವಾಗಿರಲಿ, ಹಬ್ಬವಾಗಿರಲಿ, ಕೇಳಿ ಹಾಕಿಸಿ. ನಿಮಗಿರುವುದು 24 ಗಂಟೆ.